ಕರ್ಕ್ಯುಮಿನ್ ನ್ಯಾನೊಕಣ: ಗಾತ್ರ ಚೆನ್ನಾಗಿ ಬಂದಿದೆ, ಆದರೆ ಔಷಧ ನಿಜವಾಗಿ ರಕ್ತಕ್ಕೆ ಸೇರುತ್ತಾ?

ಹಳದಿ_ಬಾಟಲಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ.

ಫಾರ್ಮಾಸ್ಯುಟಿಕ್ಸ್‌ನಲ್ಲಿ ಸ್ನಾತಕೋತ್ತರ ಥೀಸಿಸ್ ಮಾಡುತ್ತಿದ್ದೇನೆ. ವಿಷಯ ಕರ್ಕ್ಯುಮಿನ್. ಅರಿಶಿನದ ಗೆಡ್ಡೆಯಿಂದ ತೆಗೆಯುವ ಈ ಹಳದಿ ಪುಡಿ ನೀರಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಬಾಯಿಂದ ಕೊಟ್ಟರೆ ರಕ್ತಕ್ಕೆ ಸೇರುವುದು ಹೆಸರಿಗಷ್ಟೇ. ಅದನ್ನು ಪಿಎಲ್‌ಜಿಎ ಅನ್ನುವ, ದೇಹದಲ್ಲಿ ಕರಗಿಹೋಗುವ ಪಾಲಿಮರ್‌ನ ನ್ಯಾನೊಕಣಗಳೊಳಗೆ ತುಂಬಿ ಕೊಟ್ಟರೆ ಹೀರಿಕೆ ಜಾಸ್ತಿ ಆಗುತ್ತಾ ಅಂತ ನೋಡುವುದು ನನ್ನ ಕೆಲಸ.

ಮಾಡುವ ವಿಧಾನ ಹೇಳುತ್ತೇನೆ. 100 ಮಿ.ಗ್ರಾಂ ಪಿಎಲ್‌ಜಿಎ, 10 ಮಿ.ಗ್ರಾಂ ಕರ್ಕ್ಯುಮಿನ್ ಎರಡನ್ನೂ ಅಸಿಟೋನಿನಲ್ಲಿ ಕರಗಿಸುತ್ತೇನೆ. ಅದನ್ನು ಶೇ. 1ರ ಪಿವಿಎ (ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುವ ಪಾಲಿಮರ್) ಇರುವ ನೀರಿಗೆ ತೊಟ್ಟು ತೊಟ್ಟಾಗಿ ಬಿಡುತ್ತೇನೆ, ಕೆಳಗೆ ಸ್ಟಿರರ್ ತಿರುಗುತ್ತಿರುತ್ತದೆ. ಅಸಿಟೋನ್ ಆರಿದ ಮೇಲೆ ಹಾಲಿನಂಥ ಹಳದಿ ದ್ರವ ಸಿಗುತ್ತದೆ. ಆಮೇಲೆ ಜೋರು ಸ್ಪೀಡಲ್ಲಿ ಸೆಂಟ್ರಿಫ್ಯೂಜ್, ತೊಳೆಯುವುದು, ಟ್ರೆಹಲೋಸ್ ಅನ್ನುವ ಸಕ್ಕರೆ ಸೇರಿಸಿ ಫ್ರೀಜ್ ಡ್ರೈ.

ಡಿಎಲ್‌ಎಸ್‌ನಲ್ಲಿ (ಬೆಳಕಿನ ಚದುರುವಿಕೆಯಿಂದ ಕಣದ ಗಾತ್ರ ಅಳೆಯುವ ವಿಧಾನ) ಗಾತ್ರ 190 ನ್ಯಾನೊಮೀಟರ್, ಪಿಡಿಐ (ಗಾತ್ರಗಳ ಏರುಪೇರಿನ ಅಳತೆ) 0.14, ಜೀಟಾ (ಕಣದ ಮೇಲ್ಮೈ ವಿದ್ಯುತ್ತಿನ ಅಳತೆ) ಮೈನಸ್ 22 ಮಿಲಿವೋಲ್ಟ್. ಸೂಪರ್‌ನೇಟಂಟ್‌ನಲ್ಲಿ (ಸೆಂಟ್ರಿಫ್ಯೂಜ್ ಆದಮೇಲೆ ಮೇಲುಳಿಯುವ ತಿಳಿ) ಉಳಿದ ಕರ್ಕ್ಯುಮಿನ್ 425 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆದು, ಒಟ್ಟು ಹಾಕಿದ್ದರಿಂದ ಕಳೆದು ಎನ್‌ಟ್ರಾಪ್‌ಮೆಂಟ್, ಅಂದರೆ ಹಾಕಿದ್ದರಲ್ಲಿ ಕಣದ ಒಳಗೆ ಸೇರಿದ ಪಾಲಿನ, ಲೆಕ್ಕ ಹಾಕಿದರೆ ಶೇ. 94 ಬರುತ್ತದೆ. ಇಲ್ಲಿವರೆಗೆ ಖುಷಿಯೇ.

ತಲೆಬಿಸಿ ಶುರುವಾದದ್ದು ರಿಲೀಸ್ ಸ್ಟಡಿಯಲ್ಲಿ, ಅಂದರೆ ಕಣದಿಂದ ಔಷಧ ಎಷ್ಟು ಹೊರಗೆ ಬರುತ್ತದೆ ಅಂತ ನೋಡುವಾಗ. ಡಯಾಲಿಸಿಸ್ ಬ್ಯಾಗಲ್ಲಿ ಹಾಕಿ, ಪಿಎಚ್ 7.4 ಫಾಸ್ಫೇಟ್ ಬಫರ್‌ನಲ್ಲಿ, 37 ಡಿಗ್ರಿಯಲ್ಲಿ ಇಟ್ಟರೆ ಮೊದಲು ಸ್ವಲ್ಪ ಏರಿ ಶೇ. 11ಕ್ಕೆ ನಿಂತುಬಿಡುತ್ತದೆ. ಮರುದಿನ ನೋಡಿದರೂ ಅಷ್ಟೇ. ಗೈಡ್ ಇದನ್ನು "ಸಸ್ಟೇನ್ಡ್ ರಿಲೀಸ್" (ನಿಧಾನವಾಗಿ, ಬಹಳ ಹೊತ್ತು ಬಿಡುಗಡೆ) ಅಂತ ಬರೆಯಬಹುದು ಅಂದರು. ನನಗೆ ಸಮಾಧಾನ ಇಲ್ಲ. ಹೊರಗೆ ಬರದಿದ್ದರೆ ಹೀರಿಕೆ ಆಗುವುದು ಹೇಗೆ?

ಇನ್ನೊಂದು ಸಣ್ಣ ವಿಷಯ, ಮುಖ್ಯವೋ ಅಲ್ಲವೋ ಗೊತ್ತಿಲ್ಲ. ತೊಳೆಯುವ ಮುಂಚಿನ ದ್ರವವನ್ನು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಟ್ಯೂಬಿನ ತಳದಲ್ಲಿ ಕಿತ್ತಳೆ ಬಣ್ಣದ ತೆಳು ಗಸಿ ಕಾಣಿಸುತ್ತದೆ. ಅಲ್ಲಾಡಿಸಿದರೆ ಮತ್ತೆ ಸೇರಿಕೊಳ್ಳುತ್ತದೆ.

ಮುಂದಿನ ಹಂತ ಇಲಿಗಳ ಮೇಲಿನ ಪ್ರಯೋಗ. ಹೋಲಿಕೆಗೆ ಸಾದಾ ಪುಡಿಯ ಸಸ್ಪೆನ್ಷನ್ ಒಂದು ಗುಂಪು ಸಾಕಾ? ಪೈಪರಿನ್ (ಕರಿಮೆಣಸಿನ ಖಾರದ ಅಂಶ) ಸೇರಿಸಿದ ಗುಂಪೂ ಇರಲಿ ಅನ್ನುತ್ತಿದ್ದಾರೆ. ಮತ್ತೆ ಪೇಪರುಗಳಲ್ಲಿ ಹೀರಿಕೆ ಹೆಚ್ಚಿದ್ದು ಒಬ್ಬರು 9 ಪಟ್ಟು ಅನ್ನುತ್ತಾರೆ, ಒಬ್ಬರು 27, ಇನ್ನೊಬ್ಬರು 185. ಇದರಲ್ಲಿ ಯಾವುದನ್ನು ನಂಬಬೇಕು?

---

ಕಣ_ಗಾತ್ರ ಬರೆದದ್ದು:

ನಾನು ಬಹಳ ಕಾಲದಿಂದ ಫಾರ್ಮುಲೇಷನ್ ಲ್ಯಾಬಲ್ಲೇ ಇರುವವನು. ನಿಮ್ಮ ಪೋಸ್ಟಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ನೀವು "ಸಣ್ಣ ವಿಷಯ" ಅಂತ ಬರೆದಿರುವ ಆ ಕಿತ್ತಳೆ ಗಸಿ. ಇಲಿಗಳ ಮಾತು ಆಮೇಲೆ ಆಡೋಣ. ಮೊದಲು ಟ್ಯೂಬಲ್ಲಿ ಏನಿದೆ ನೋಡೋಣ.

ಪಿಎಲ್‌ಜಿಎ ಒಳಗೆ ಸೇರಿದ ಕರ್ಕ್ಯುಮಿನ್ ನಿಂಬೆ ಹಳದಿಯಾಗಿ, ಹಾಲಿನಂತೆ ಹರಡಿ ನಿಲ್ಲುತ್ತದೆ. 190 ನ್ಯಾನೊಮೀಟರ್ ಕಣ ಒಂದು ರಾತ್ರಿಯಲ್ಲಿ ತಾನಾಗಿ ತಳ ಹಿಡಿಯುವುದಿಲ್ಲ. ತಳದಲ್ಲಿ ಕಿತ್ತಳೆ ಬಣ್ಣ ಕೂತಿದೆ ಅಂದರೆ ಅದು ಬಹುಪಾಲು ಪಾಲಿಮರ್ ಒಳಗೆ ಹೋಗದೆ ಹೊರಗೇ ಹರಳುಗಟ್ಟಿದ ಕರ್ಕ್ಯುಮಿನ್. ಅಸಿಟೋನ್ ನೀರಿಗೆ ಬಿದ್ದ ಕೂಡಲೇ ಪಾಲಿಮರ್ ಮತ್ತು ಕರ್ಕ್ಯುಮಿನ್ ಎರಡಕ್ಕೂ ಕರಗಿ ಉಳಿಯಲು ಜಾಗ ಇರುವುದಿಲ್ಲ. ಕೆಲವು ಅಣುಗಳು ಪಾಲಿಮರ್ ಜೊತೆ ಸಿಕ್ಕಿಕೊಳ್ಳುತ್ತವೆ. ಉಳಿದವು ತಮ್ಮಷ್ಟಕ್ಕೆ ಒಂದಕ್ಕೊಂದು ಅಂಟಿ ಹರಳಾಗುತ್ತವೆ.

ಡಿಎಲ್‌ಎಸ್ ಇದನ್ನು ನಿಮಗೆ ಹೇಳುವುದಿಲ್ಲ. ಕ್ಯುವೆಟ್ಟಿನ ತಳಕ್ಕೆ ಇಳಿದುಹೋದದ್ದನ್ನು ಅದು ನೋಡುವುದೇ ಇಲ್ಲ. ತೇಲುತ್ತಿರುವುದರ ಗಾತ್ರ ಮಾತ್ರ ಹೇಳಿ, ಪಿಡಿಐ 0.14 ಅಂತ ತೋರಿಸಿ ಸುಮ್ಮನಾಗುತ್ತದೆ.

ಈಗ ನಿಮ್ಮ ಶೇ. 94ಕ್ಕೆ ಬರೋಣ. ಸೂಪರ್‌ನೇಟಂಟ್‌ನಲ್ಲಿ ಇಲ್ಲದ್ದೆಲ್ಲ ಕಣದ ಒಳಗಿದೆ ಅನ್ನುವುದು ಈ ಲೆಕ್ಕದ ಆಧಾರ. ನೀರಲ್ಲಿ ಚೆನ್ನಾಗಿ ಕರಗುವ ಔಷಧಕ್ಕೆ ಇದು ಸರಿ. ಕರ್ಕ್ಯುಮಿನ್‌ಗೆ ಸರಿಯಲ್ಲ. ಒಳಗೆ ಸೇರದ ಕರ್ಕ್ಯುಮಿನ್ ನೀರಲ್ಲಿ ಉಳಿಯುವುದಿಲ್ಲ, ಹರಳಾಗಿ ಕಣಗಳ ಜೊತೆಗೇ ಪೆಲೆಟ್‌ಗೆ (ಸೆಂಟ್ರಿಫ್ಯೂಜ್ ಟ್ಯೂಬಿನ ತಳದ ಗಟ್ಟಿ ಭಾಗ) ಇಳಿಯುತ್ತದೆ. ಒಳಗೆ ಹೋಗಿದ್ದರೂ ಸೂಪರ್‌ನೇಟಂಟ್ ಖಾಲಿ, ಹೋಗದಿದ್ದರೂ ಖಾಲಿ. ಈ ವಿಧಾನದಲ್ಲಿ ಎರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ.

ನೀವೇ ಪರೀಕ್ಷೆ ಮಾಡಿ ನೋಡಬಹುದು. ಪಿಎಲ್‌ಜಿಎ ಹಾಕದೆ, ಉಳಿದೆಲ್ಲ ಹಾಗೇ ಇಟ್ಟು ಒಂದು ಬ್ಯಾಚ್ ಮಾಡಿ. ಅದೇ ಸ್ಪೀಡ್, ಅದೇ ಸಮಯ, ಅದೇ ಲೆಕ್ಕ. ಕಣವೇ ಇಲ್ಲದ ಈ ಬ್ಯಾಚಲ್ಲೂ "ಎನ್‌ಟ್ರಾಪ್‌ಮೆಂಟ್" ದೊಡ್ಡದಾಗಿ ಬಂದರೆ, ಆ ಅಂಕಿಯ ಬೆಲೆ ಏನು ಅಂತ ಗೊತ್ತಾಗುತ್ತದೆ. ಕರ್ಕ್ಯುಮಿನ್ ಮೇಲೆ ಕೆಲಸ ಮಾಡುವ ಪ್ರತಿಯೊಬ್ಬರೂ ಈ ಪಾಲಿಮರ್ ಇಲ್ಲದ ಬ್ಯಾಚನ್ನು ಮಾಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಜೊತೆಗೆ ಆ ಗಸಿಯ ಒಂದು ಹನಿಯನ್ನು ಸ್ಲೈಡ್ ಮೇಲೆ ಹಾಕಿ, ಅಡ್ಡ ಪೋಲರೈಸರ್ ಇರುವ ಮೈಕ್ರೋಸ್ಕೋಪಲ್ಲಿ ನೋಡಿ. ಹರಳಿದ್ದರೆ ಕಪ್ಪು ಹಿನ್ನೆಲೆಯಲ್ಲಿ ಹೊಳೆಯುತ್ತದೆ, ಪಿಎಲ್‌ಜಿಎ ಹೊಳೆಯುವುದಿಲ್ಲ. ಒಣಪುಡಿಗೆ ಎಕ್ಸ್‌ಆರ್‌ಡಿ (ಎಕ್ಸ್-ರೇಯಿಂದ ಹರಳು ಗುರುತಿಸುವ ಪರೀಕ್ಷೆ) ಮಾಡಿಸಿ. ಡಿಎಸ್‌ಸಿ (ಕಾಯಿಸುತ್ತಾ ಯಾವಾಗ ಕರಗುತ್ತದೆ ಅಂತ ನೋಡುವ ಪರೀಕ್ಷೆ) ಕೂಡ ಮಾಡಿಸಬಹುದು, ಹರಳು ಕರ್ಕ್ಯುಮಿನ್ 183 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ. ಆದರೆ ಕಾಯಿಸುವಾಗ ಅದು ಮೆತ್ತಗಾದ ಪಾಲಿಮರ್‌ನಲ್ಲಿ ಕರಗಿಹೋಗಿ ಪೀಕ್ ಕಾಣದೆಯೂ ಇರಬಹುದು. ಹಾಗಾಗಿ ಡಿಎಸ್‌ಸಿ ಒಂದನ್ನೇ ನಂಬಬೇಡಿ.

ಹರಳು ತೆಗೆಯಲು ಮೊದಲು ಕಡಿಮೆ ಸ್ಪೀಡಲ್ಲಿ, ಸುಮಾರು 1000 ಜಿ ಬಲದಲ್ಲಿ, ಕೆಲವು ನಿಮಿಷ ತಿರುಗಿಸಿ. ದೊಡ್ಡ ಹರಳು ಇಳಿಯುತ್ತದೆ, ಕಣಗಳು ಮೇಲೆ ಉಳಿಯುತ್ತವೆ. ಮೇಲಿನದನ್ನು ಬೇರೆ ಟ್ಯೂಬಿಗೆ ತೆಗೆದು ಆಮೇಲೆ ಜೋರಾಗಿ ತಿರುಗಿಸಿ. ಆ ಪೆಲೆಟ್ಟನ್ನೇ ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ ಎಚ್‌ಪಿಎಲ್‌ಸಿಯಲ್ಲಿ (ಬೆರಕೆಯನ್ನು ಬಿಡಿಸಿ ಅಳೆಯುವ ಉಪಕರಣ) ನೇರವಾಗಿ ಅಳೆಯಿರಿ. ಎಥನಾಲ್ ಬೆರೆಸಿದ ನೀರಲ್ಲಿ ತೊಳೆದು ಹರಳು ತೆಗೆಯುವವರೂ ಇದ್ದಾರೆ. ನಾನು ಹಾಗೆ ಮಾಡುವುದಿಲ್ಲ. ಕಣದ ಒಳಗಿನದೂ ಸೋರಿ ಬರುತ್ತದೆ.

ಎನ್‌ಟ್ರಾಪ್‌ಮೆಂಟ್‌ಗಿಂತ ಲೋಡಿಂಗ್ (ಪುಡಿಯ ತೂಕದಲ್ಲಿ ಔಷಧದ ಪಾಲು) ನಿಮಗೆ ಜಾಸ್ತಿ ಬೇಕಾದ ಅಂಕಿ. ಟ್ರೆಹಲೋಸ್ ಎಲ್ಲ ಸೇರಿದ ಒಣಪುಡಿಯಲ್ಲಿ ಕರ್ಕ್ಯುಮಿನ್ ಶೇ. 4 ಇದೆ ಅಂತಿಟ್ಟುಕೊಳ್ಳಿ. 250 ಗ್ರಾಂ ತೂಕದ ಇಲಿಗೆ ಕಿಲೋಗೆ 100 ಮಿ.ಗ್ರಾಂ ಲೆಕ್ಕದಲ್ಲಿ ಕೊಡಲು 25 ಮಿ.ಗ್ರಾಂ ಕರ್ಕ್ಯುಮಿನ್ ಬೇಕು, ಅಂದರೆ 625 ಮಿ.ಗ್ರಾಂ ಪುಡಿ. ಅದನ್ನು 2.5 ಮಿ.ಲೀ. ನೀರಲ್ಲಿ ಕಲಸಿದರೆ ಗಟ್ಟಿಯಾದ ಪೇಸ್ಟ್. ಬಾಯಿಂದ ಹೊಟ್ಟೆಗೆ ಹಾಕುವ ಗ್ಯಾವೇಜ್ ಸೂಜಿಯಲ್ಲಿ ಇಳಿಯುವುದಿಲ್ಲ, ಇಳಿದರೂ ಆ ಇಲಿಗೆ ಹಿಂಸೆ. ಡೋಸ್ ನಿರ್ಧರಿಸುವ ಮುಂಚೆ ಈ ಲೆಕ್ಕ ಹಾಕಿ.

ಇನ್ನು ನಿಮ್ಮ ಶೇ. 11. ಅದನ್ನು ಸಸ್ಟೇನ್ಡ್ ರಿಲೀಸ್ ಅಂತ ಬರೆಯಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಅಲ್ಲಿ ಒಂದರ ಮೇಲೊಂದು ಎರಡು ಸಂಗತಿ ನಡೆಯುತ್ತಿವೆ.

ಬರೀ ಬಫರ್‌ನಲ್ಲಿ ಕರ್ಕ್ಯುಮಿನ್ ಕರಗಲು ಜಾಗವೇ ಇಲ್ಲ, ಕಣದಿಂದ ಹೊರಗೆ ಬರಲು ಅದಕ್ಕೆ ಸೆಳೆತವೂ ಇಲ್ಲ. ಇದು ಒಂದು. ಇನ್ನೊಂದು, ಬಂದದ್ದೂ ಉಳಿಯುವುದಿಲ್ಲ. ಪಿಎಚ್ 7.2ರ ಫಾಸ್ಫೇಟ್ ಬಫರ್‌ನಲ್ಲಿ, 37 ಡಿಗ್ರಿಯಲ್ಲಿ, ಕರ್ಕ್ಯುಮಿನ್ ಅರ್ಧ ಗಂಟೆಯಲ್ಲಿ ಸುಮಾರು ಶೇ. 90ರಷ್ಟು ಒಡೆದುಹೋಗುತ್ತದೆ ಅಂತ 1997ರಲ್ಲೇ ತೋರಿಸಿದ್ದಾರೆ. ಒಡೆದಾಗ ಬರುವ ವೆನಿಲಿನ್, ಫೆರುಲಿಕ್ ಆಮ್ಲದಂಥವು 425ರಲ್ಲಿ ಬೆಳಕು ಹೀರುವುದಿಲ್ಲ. ನಿಮ್ಮ ಯುವಿ ಮಟ್ಟಿಗೆ ಅವು ಇಲ್ಲವೇ ಇಲ್ಲ. ಹೊರಗೆ ಬರುವ ವೇಗ ಮತ್ತು ಒಡೆಯುವ ವೇಗ ಸಮವಾದ ಕಡೆ ಗೆರೆ ನೆಟ್ಟಗಾಗುತ್ತದೆ. ಅದೇ ನಿಮ್ಮ ಶೇ. 11 ಇರಬಹುದು.

ಬಫರ್‌ಗೆ ಶೇ. 0.5ರಿಂದ 1ರಷ್ಟು ಟ್ವೀನ್ 80 (ನೀರಲ್ಲಿ ಕರಗದ್ದನ್ನು ಕರಗಿಸುವ ಸಾಬೂನಿನಂಥ ವಸ್ತು) ಹಾಕಿ, ಸ್ವಲ್ಪ ಆಸ್ಕಾರ್ಬಿಕ್ ಆಮ್ಲ ಸೇರಿಸಿ, ಫ್ಲಾಸ್ಕಿಗೆ ಫಾಯಿಲ್ ಸುತ್ತಿ. ಕರ್ಕ್ಯುಮಿನ್‌ಗೆ ಬೆಳಕೂ ಆಗುವುದಿಲ್ಲ. ಕರಗಿಸಿದ ಸಾದಾ ಕರ್ಕ್ಯುಮಿನ್ ಹಾಕಿದ ಇನ್ನೊಂದು ಬ್ಯಾಗ್ ಪಕ್ಕದಲ್ಲೇ ಇರಲಿ. ಯಾಕೆಂದರೆ ಬ್ಯಾಗಿನ ಪೊರೆಯೂ ತಡ ಮಾಡುತ್ತದೆ, ಆ ತಡವನ್ನು ನಿಮ್ಮ ಕಣದ ಗುಣ ಅಂದುಕೊಳ್ಳಬಾರದು. ಕೊನೆಗೆ ಬ್ಯಾಗ್ ಬಿಚ್ಚಿ, ಒಳಗೆ ಉಳಿದದ್ದನ್ನು ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ ಅಳೆಯಿರಿ. ಹೊರಗೆ 11, ಒಳಗೆ 40 ಸಿಕ್ಕಿತು ಅಂದರೆ ಉಳಿದ 49 ಎಲ್ಲಿ ಹೋಯಿತು? ಒಡೆಯಿತೋ, ಪೊರೆಗೆ ಅಂಟಿತೋ ನೋಡಬೇಕು. ಈ ಜಮಾ-ಖರ್ಚು ಕೂಡಿಬರದೆ ರಿಲೀಸ್ ಗ್ರಾಫ್ ಹಾಕುವುದಕ್ಕೆ ಅರ್ಥವಿಲ್ಲ.

ಹೀರಿಕೆಗೆ ಬರೋಣ. ಕರ್ಕ್ಯುಮಿನ್ ಕಳೆದುಹೋಗುವುದು ಒಂದೇ ಕಡೆ ಅಲ್ಲ. ಕರುಳಿನ ನೀರಲ್ಲಿ ಕರಗದೆ ಹಾಗೇ ಸಾಗಿಹೋಗುತ್ತದೆ. 1978ರಲ್ಲಿ ಇಲಿಗಳಿಗೆ ಕಿಲೋಗೆ 1 ಗ್ರಾಂ ಕೊಟ್ಟು ನೋಡಿದಾಗ ಸುಮಾರು ಶೇ. 75ರಷ್ಟು ಮಲದಲ್ಲೇ ಸಿಕ್ಕಿತ್ತು. ಕರಗಿದ ಅಲ್ಪಸ್ವಲ್ಪವೂ ಕ್ಷಾರದ ಕಡೆಗಿನ ಪಿಎಚ್‌ನಲ್ಲಿ ಒಡೆಯುತ್ತದೆ. ಅದನ್ನೂ ದಾಟಿ ಕರುಳಿನ ಗೋಡೆಯ ಜೀವಕೋಶ ಸೇರಿದ್ದಕ್ಕೆ ಅಲ್ಲಿನ ಕಿಣ್ವಗಳು ಗ್ಲುಕುರೊನೈಡ್, ಸಲ್ಫೇಟ್ (ದೇಹ ಅದನ್ನು ಹೊರಹಾಕಲು ಸುಲಭವಾಗುವಂಥ ಗುಂಪುಗಳು) ಅಂಟಿಸುತ್ತವೆ. ಯಕೃತ್ತಿನಲ್ಲಿ ಮತ್ತೆ ಅದೇ ಕೆಲಸ.

ನ್ಯಾನೊಕಣ ಮೊದಲನೇ ನಷ್ಟಕ್ಕೆ ಒಳ್ಳೆಯ ಮದ್ದು. ಕಣದ ಮೇಲ್ಮೈ ಹೆಚ್ಚಿದಷ್ಟೂ ಕರಗುವ ವೇಗ ಹೆಚ್ಚುತ್ತದೆ ಅನ್ನುವುದು 1897ರ ನೋಯೆಸ್-ವಿಟ್ನಿ ಸಮೀಕರಣದ ಕಾಲದಿಂದ ಗೊತ್ತಿರುವ ಮಾತು. 10 ಮೈಕ್ರಾನ್ ಪುಡಿಯನ್ನು 200 ನ್ಯಾನೊಮೀಟರ್‌ಗೆ ಇಳಿಸಿದರೆ ಅಷ್ಟೇ ತೂಕಕ್ಕೆ ಮೇಲ್ಮೈ 50 ಪಟ್ಟು. ಎರಡನೇ ನಷ್ಟಕ್ಕೂ ಪಾಲಿಮರ್ ಒಳಗಿದ್ದಷ್ಟು ಹೊತ್ತು ರಕ್ಷಣೆ ಸಿಗುತ್ತದೆ. ಮೂರನೆಯದಕ್ಕೆ ಹೆಚ್ಚಿನ ಉಪಯೋಗ ಇಲ್ಲ. ಗೋಡೆಯೊಳಗೆ ಹೋದ ಅಣು ಕಣದಿಂದ ಬಂದಿದ್ದರೂ ಕಿಣ್ವಕ್ಕೆ ಅದು ಕರ್ಕ್ಯುಮಿನ್ನೇ. ಇಡೀ ಕಣವೇ ಗೋಡೆ ದಾಟಿ ರಕ್ತಕ್ಕೆ ಹೋಗುತ್ತದೆ ಅಂತ ಚಿತ್ರ ಬರೆದು ತೋರಿಸುತ್ತಾರಲ್ಲ, ಹಾಗೆ ದಾಟುವುದು ಬಹಳ ಸ್ವಲ್ಪ. ಲೋಳೆಯ ಪದರದಲ್ಲೇ ಹೆಚ್ಚಿನವು ಸಿಕ್ಕಿಬೀಳುತ್ತವೆ. ಅಲ್ಲಿ ಗೋಡೆಯ ಹತ್ತಿರ ಕೂತು ನಿಧಾನವಾಗಿ ಔಷಧ ಬಿಡುವುದೇ ಅವುಗಳ ನಿಜವಾದ ಉಪಕಾರ.

ನನ್ನ ಮಾತು ಇಷ್ಟೇ: ಬಾಟಲಿಯಲ್ಲಿ ಏನಿದೆ ಅಂತ ಖಾತ್ರಿ ಆಗುವವರೆಗೆ ಒಂದು ಇಲಿಯನ್ನೂ ಮುಟ್ಟಬೇಡಿ. ಹರಳು ಮತ್ತು ಕಣ ಬೆರೆತ ಸ್ಯಾಂಪಲ್ ಕೊಟ್ಟರೆ ಬರುವ ಉತ್ತರ ಯಾವುದರದ್ದು ಅಂತ ಯಾರಿಗೂ ಹೇಳಲಾಗುವುದಿಲ್ಲ. ಆ ಪ್ರಾಣಿಗಳ ಜೀವ ವ್ಯರ್ಥ ಆಗುತ್ತದೆ.

---

ಪ್ಲಾಸ್ಮಾ_ಪೀಕ್ ಬರೆದದ್ದು:

ನಾನು ರಕ್ತದ ಸ್ಯಾಂಪಲ್ ಅಳೆಯುವ ಕಡೆಯವಳು. "9, 27, 185, ಯಾವುದು ನಂಬಲಿ" ಅನ್ನುವ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಬಂದ ಉತ್ತರಗಳು. 9 ಪಟ್ಟು ಅನ್ನುವುದು 2009ರ ಪಿಎಲ್‌ಜಿಎ ಕೆಲಸ ಇರಬೇಕು. ಅದು ಇಲಿಗಳಲ್ಲಿ, ಅದೂ ಪೈಪರಿನ್ ಜೊತೆ ಕೊಟ್ಟ ಕರ್ಕ್ಯುಮಿನ್‌ಗೆ ಹೋಲಿಸಿದ್ದು. 27 ಅಂದರೆ 2011ರದ್ದು. ಅಲ್ಲಿ ಪಾಲಿಮರ್ ಗೂಡು ಇಲ್ಲ, ಘಟ್ಟಿ ಅನ್ನುವ ಮರದ ಗೋಂದಿನ ಸಹಾಯದಿಂದ ಕರ್ಕ್ಯುಮಿನ್ನನ್ನು ಸುಮಾರು 0.19 ಮೈಕ್ರಾನ್‌ಗೆ ಅರೆದು ಹರಡಿದ್ದಾರೆ, ಮನುಷ್ಯರಲ್ಲಿ ಸಾದಾ ಪುಡಿಗೆ ಹೋಲಿಸಿದ್ದಾರೆ. 185 ಅನ್ನುವುದು 2014ರ ಮಿಸೆಲ್ (ಸಾಬೂನಿನಂಥ ಅಣುಗಳ ಸಣ್ಣ ಗುಳ್ಳೆ) ಅಧ್ಯಯನ, ಆರೋಗ್ಯವಂತ ಗಂಡಸರು ಮತ್ತು ಹೆಂಗಸರಲ್ಲಿ. ಅದರಲ್ಲೇ ಹೆಂಗಸರಿಗೆ 277, ಗಂಡಸರಿಗೆ 114 ಬಂದಿದೆ. ಅಂದರೆ ಒಂದೇ ಕ್ಯಾಪ್ಸೂಲ್, ಒಂದೇ ಲ್ಯಾಬ್, ಆದರೂ ಇಷ್ಟು ವ್ಯತ್ಯಾಸ.

ಆ 2014ರ ಅಧ್ಯಯನದಲ್ಲಿ ಪ್ಲಾಸ್ಮಾಕ್ಕೆ ಕಿಣ್ವ ಹಾಕಿ, ಅಂಟಿಕೊಂಡ ಗ್ಲುಕುರೊನೈಡ್, ಸಲ್ಫೇಟ್ ಎಲ್ಲ ಕತ್ತರಿಸಿ, ಬಂದ ಒಟ್ಟು ಕರ್ಕ್ಯುಮಿನ್ ಅಳೆದಿದ್ದಾರೆ. ತಪ್ಪಲ್ಲ. ಎಷ್ಟು ಒಳಗೆ ಬಂತು ಅನ್ನುವುದು ಅದರಿಂದ ಗೊತ್ತಾಗುತ್ತದೆ. ಆದರೆ ರಕ್ತದಲ್ಲಿ ಓಡಾಡುವುದು ಹೆಚ್ಚಾಗಿ ಆ ಅಂಟಿಕೊಂಡ ರೂಪ. ಏನೂ ಅಂಟದ ಬಿಡಿ ಕರ್ಕ್ಯುಮಿನ್ ಎಷ್ಟಿತ್ತು ಅನ್ನುವುದು ಬೇರೆಯೇ ಪ್ರಶ್ನೆ. ನಿಮ್ಮ ಥೀಸಿಸ್‌ನಲ್ಲಿ ಎರಡೂ ಕಾಲಂ ಬೇಕು, ಕಿಣ್ವ ಹಾಕದ್ದು ಒಂದು, ಹಾಕಿದ್ದು ಇನ್ನೊಂದು.

"ಎಷ್ಟು ಪಟ್ಟು" ಅನ್ನುವುದರ ದೊಡ್ಡ ತೊಂದರೆ ಏನೆಂದರೆ ಕೆಳಗಿನ ಸಂಖ್ಯೆ ತೀರಾ ಚಿಕ್ಕದು. ಸಾದಾ ಪುಡಿ ಕೊಟ್ಟಾಗ ಪ್ಲಾಸ್ಮಾದಲ್ಲಿ ಕಾಣುವುದು ಉಪಕರಣದ ಕೆಳಮಿತಿಯ ಆಸುಪಾಸು. ಅದು 1ರ ಬದಲು 2 ಅಂತ ಓದಿದರೆ ನಿಮ್ಮ 100 ಪಟ್ಟು 50 ಆಗಿಬಿಡುತ್ತದೆ. ಹಾಗಾಗಿ ಪಟ್ಟು ಬಿಡಿ, ಮಿ.ಲೀ.ಗೆ ಎಷ್ಟು ನ್ಯಾನೊಗ್ರಾಂ ಅಂತ ಬರೆಯಿರಿ. ಆಮೇಲೆ ಅದನ್ನು ಕೆಲಸಕ್ಕೆ ಬೇಕಾದ ಮಟ್ಟದ ಪಕ್ಕದಲ್ಲಿಡಿ. ಡಿಷ್‌ನಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಕರ್ಕ್ಯುಮಿನ್ ಪರಿಣಾಮ ತೋರಿಸುವಾಗ 10 ಮೈಕ್ರೋಮೋಲಾರ್, ಅದಕ್ಕೂ ಜಾಸ್ತಿ ಹಾಕುವುದು ಮಾಮೂಲು. ಅಣುಭಾರ 368, ಅಂದರೆ ಮಿ.ಲೀ.ಗೆ ಸುಮಾರು 3,700 ನ್ಯಾನೊಗ್ರಾಂ. 2001ರ ಒಂದು ಪ್ರಯೋಗದಲ್ಲಿ ರೋಗಿಗಳಿಗೆ ದಿನಕ್ಕೆ 8 ಗ್ರಾಂ ಕೊಟ್ಟಾಗಲೂ ಸರಾಸರಿ ಶಿಖರ 1.77 ಮೈಕ್ರೋಮೋಲಾರ್ ಅಷ್ಟೇ. ಈ ಅಂತರ ಎಷ್ಟು ತುಂಬಿತು ಅನ್ನುವುದೇ ನಿಮ್ಮ ನ್ಯಾನೊಕಣದ ಪರೀಕ್ಷೆ.

ಎಲ್‌ಸಿ-ಎಂಎಸ್ (ಅಣುಗಳನ್ನು ಬೇರ್ಪಡಿಸಿ ಅವುಗಳ ಭಾರದಿಂದ ಗುರುತಿಸುವ ಉಪಕರಣ) ಬಗ್ಗೆ ಒಂದು ಎಚ್ಚರಿಕೆ. ಪಾಸಿಟಿವ್ ಮೋಡಲ್ಲಿ ಕರ್ಕ್ಯುಮಿನ್‌ಗೆ 369 ಭಾರದ ಅಯಾನು ಒಡೆದು 177 ಆಗುವುದನ್ನು ನೋಡುತ್ತೇವೆ. ಗ್ಲುಕುರೊನೈಡ್ 545ರಲ್ಲಿರುತ್ತದೆ. ಆದರೆ ಅದು ಸೋರ್ಸ್‌ನ ಬಿಸಿಯಲ್ಲೇ 176 ಕಳಚಿಕೊಂಡು 369 ಆಗಿಬಿಡಬಹುದು. ಆಗ ಉಪಕರಣ ಅದನ್ನೂ ಬಿಡಿ ಕರ್ಕ್ಯುಮಿನ್ ಅಂತಲೇ ಎಣಿಸುತ್ತದೆ. ಎಲ್‌ಸಿಯ ಕಾಲಂನಲ್ಲಿ (ಅಣುಗಳನ್ನು ಬೇರ್ಪಡಿಸುವ ಕೊಳವೆ) ಎರಡೂ ಬೇರೆ ಬೇರೆ ಸಮಯಕ್ಕೆ ಹೊರಬರುವಂತೆ ಮಾಡಿ. ಗ್ರೇಡಿಯಂಟ್ (ದ್ರಾವಕ ಬದಲಿಸುತ್ತಾ ಹೋಗುವ ಕ್ರಮ) ಅವಸರದ್ದಾದರೆ ನಿಮ್ಮ "ಬಿಡಿ ಕರ್ಕ್ಯುಮಿನ್" ಸುಳ್ಳೇ ಹೆಚ್ಚಾಗಿ ಕಾಣುತ್ತದೆ.

---

ಡ್ಯೂಟಿ_ಡಾಕ್ಟರ್ ಬರೆದದ್ದು:

ನಾನು ವೈದ್ಯ, ಲ್ಯಾಬಿನವನಲ್ಲ. ಪೈಪರಿನ್ ಗುಂಪಿನ ಬಗ್ಗೆ ಒಂದೆರಡು ಮಾತು.

ಎಲ್ಲರೂ ಹೇಳುವ "ಶೇ. 2000 ಹೆಚ್ಚಳ" 1998ರದ್ದು. ಮನುಷ್ಯರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪೈಪರಿನ್ ಕೊಟ್ಟದ್ದು. ಅದೇ ಪೇಪರಲ್ಲಿ ಇಲಿಗಳಿಗೆ ಬಂದದ್ದು ಶೇ. 154. ಇಲಿಯ ಅಂಕಿಯಿಂದ ಮನುಷ್ಯರ ಬಗ್ಗೆ ಹೇಳುವಾಗ, ಮನುಷ್ಯರ ಅಂಕಿಯಿಂದ ಇಲಿಯ ಬಗ್ಗೆ ನಿರೀಕ್ಷೆ ಇಟ್ಟುಕೊಳ್ಳುವಾಗ, ಈ ಅಂತರ ನೆನಪಿರಲಿ.

ಪೈಪರಿನ್ ಕೆಲಸ ಮಾಡುವುದು ಗ್ಲುಕುರೊನೈಡ್ ಅಂಟಿಸುವ ಕಿಣ್ವವನ್ನು ತಡೆದು. ಔಷಧ ಒಡೆಯುವ ಕಿಣ್ವ ಸಿಪ್-3ಎ4, ಔಷಧವನ್ನು ಜೀವಕೋಶದಿಂದ ಹೊರದಬ್ಬುವ ಪಿ-ಗ್ಲೈಕೊಪ್ರೋಟೀನ್ ಇವುಗಳನ್ನೂ ತಡೆಯುತ್ತದೆ. ರೋಗಿ ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಮಟ್ಟವೂ ಏರಬಹುದು. ನ್ಯಾನೊಕಣದ ದಾರಿ ನನಗೆ ಇಷ್ಟವಾಗುವುದು ಇದಕ್ಕೇ. ದೇಹದ ಕಿಣ್ವಗಳಿಗೆ ಕೈ ಹಾಕದೆ ಔಷಧದ ರೂಪವನ್ನಷ್ಟೇ ಬದಲಿಸುತ್ತೀರಿ.

ಆದರೂ ಹೀರಿಕೆ ಹೆಚ್ಚಿಸಿದ ಮೇಲೆ ಹಳೆಯ ಸುರಕ್ಷತೆಯ ಅಂಕಿಗಳನ್ನು ಹಾಗೇ ಎತ್ತಿ ಬರೆಯಬೇಡಿ. ಬಣ್ಣವಾಗಿ ಬಳಸುವ ಕರ್ಕ್ಯುಮಿನ್‌ಗೆ ದಿನಕ್ಕೆ ದೇಹತೂಕದ ಕಿಲೋಗೆ 3 ಮಿ.ಗ್ರಾಂ ಅನ್ನುವ ಮಿತಿ ಇದೆ. ಆದರೆ ಅದು ಹೆಚ್ಚಾಗಿ ಹೀರದ ಸಾದಾ ರೂಪಕ್ಕೆ ಹೇಳಿದ್ದು. 2022ರಲ್ಲಿ ಅಮೆರಿಕದ ಯಕೃತ್ ಹಾನಿ ಅಧ್ಯಯನ ಜಾಲದಿಂದ ಅರಿಶಿನದ ಸಪ್ಲಿಮೆಂಟ್‌ಗಳಿಗೆ ಸಂಬಂಧಿಸಿದ 10 ಪ್ರಕರಣ ವರದಿಯಾದವು. ಎಚ್‌ಎಲ್‌ಎ-ಬಿ*35:01 ಅನ್ನುವ ಜೀನ್ ರೂಪ ಇದ್ದವರು ಅವರಲ್ಲಿ ಜಾಸ್ತಿ. ಪರೀಕ್ಷಿಸಿದ ಕೆಲವು ಉತ್ಪನ್ನಗಳಲ್ಲಿ ಪೈಪರಿನ್ ಕೂಡ ಇತ್ತು. ಹೆದರಿಸಲು ಹೇಳುತ್ತಿಲ್ಲ. ನಿಮ್ಮ ಇಲಿಗಳಲ್ಲಿ ಯಕೃತ್ ಹಾನಿಯ ಸೂಚಕಗಳಾದ ಎಎಲ್‌ಟಿ, ಬಿಲಿರುಬಿನ್ ನೋಡಿ, ಯಕೃತ್ತಿನ ಸ್ಲೈಡ್ ಮಾಡಿಸಿ. ರಕ್ತಕ್ಕೆ ಹೆಚ್ಚು ಸೇರಿಸುವವರ ಮೇಲೆ ಅಷ್ಟು ಹೊಣೆ ಇದೆ ಅಲ್ವಾ.

---

ಹಳದಿ_ಬಾಟಲಿ ಮತ್ತೆ ಬರೆದದ್ದು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಕಣ_ಗಾತ್ರ ಅವರು ಹೇಳಿದ ಎರಡೂ ಮಾಡಿದೆ. ಪೋಲರೈಸರ್ ಕೆಳಗೆ ಗಸಿಯ ಹನಿಯಲ್ಲಿ ಸೂಜಿಯಂಥ ಹರಳುಗಳು ಚೆನ್ನಾಗಿ ಹೊಳೆದವು, ಕೆಲವು ಕಡೆ ಗೊಂಚಲು ಗೊಂಚಲಾಗಿ. ಮೇಲಿನ ಹಾಲಿನಂಥ ಭಾಗದ ಹನಿ ಪೂರ್ತಿ ಕಪ್ಪು. ಪಾಲಿಮರ್ ಇಲ್ಲದ ಬ್ಯಾಚಿಗೆ ಅದೇ ಲೆಕ್ಕ ಹಾಕಿದರೆ ಶೇ. 91 ಬಂತು! ಗೈಡ್‌ಗೆ ಸ್ಲೈಡ್ ತೋರಿಸಿದೆ. ಅವರು ತುಂಬ ಹೊತ್ತು ನೋಡಿ, ಇಲಿ ಪ್ರಯೋಗ ಮುಂದೆ ಹಾಕೋಣ ಅಂದರು.

ಈಗ ಉಳಿದ ಪ್ರಶ್ನೆಗಳು. ಕರ್ಕ್ಯುಮಿನ್ ಹೊರಗೆ ಹರಳಾಗದಂತೆ ಏನು ಬದಲಿಸಲಿ? ಅಥವಾ ಪಿಎಲ್‌ಜಿಎ ಬಿಟ್ಟು ಬೇರೆ ದಾರಿಯೇ ಹಿಡಿಯಲಾ? ಗುಂಪುಗಳನ್ನು ಹೇಗೆ ಮಾಡಲಿ? ರಕ್ತದ ಸ್ಯಾಂಪಲ್ ಯಾವ ಸಮಯಕ್ಕೆ, ಹೇಗೆ ಇಡಲಿ?

---

ಕಣ_ಗಾತ್ರ ಬರೆದದ್ದು:

ಒಳ್ಳೆಯ ಕೆಲಸ. ಆ ಕಪ್ಪು ಹನಿ ನೋಡಿ ನನಗೆ ಸಂತೋಷವಾಯಿತು. ಮೇಲಿನ ಭಾಗ ಸ್ವಚ್ಛ ಇದೆ, ಅಂದರೆ ನಿಮ್ಮ ಕಣ ನಿಜವಾಗಿ ಆಗುತ್ತಿದೆ. ಹಾಕಿದ ಔಷಧವೇ ಅದಕ್ಕೆ ಹಿಡಿಯಲಾರದಷ್ಟು ಜಾಸ್ತಿ.

10 ಮಿ.ಗ್ರಾಂ ಬದಲು 2, 4, 6 ಹೀಗೆ ಹಾಕಿ ನೋಡಿ. ಒಂದು ಹಂತದವರೆಗೆ ಗಸಿ ಇರುವುದಿಲ್ಲ, ಅಲ್ಲಿಂದ ಮೇಲೆ ಶುರುವಾಗುತ್ತದೆ. ಆ ಗಡಿಗಿಂತ ಸ್ವಲ್ಪ ಕೆಳಗೆ ನಿಲ್ಲಿ. ತೊಟ್ಟು ತೊಟ್ಟಾಗಿ ಬಿಡುವುದಕ್ಕಿಂತ ಬೇಗ ಬೆರೆಸುವುದೂ ಸಹಾಯ ಮಾಡುತ್ತದೆ. ನಿಧಾನವಾದಷ್ಟೂ ಹರಳಿಗೆ ಬೆಳೆಯಲು ಸಮಯ ಸಿಗುತ್ತದೆ. ಎರಡು ಸಿರಿಂಜಿನ ಟೀ-ಮಿಕ್ಸರ್ ಇದ್ದರೆ ಬಳಸಿ.

ಬೇರೆ ದಾರಿಯ ಬಗ್ಗೆ ಹೇಳುವುದಾದರೆ, ಬಾಯಿಂದ ಕೊಡುವ ಔಷಧಗಳಲ್ಲಿ ಮಾರುಕಟ್ಟೆವರೆಗೆ ಹೋದ ನ್ಯಾನೊ ರೂಪಗಳಲ್ಲಿ ಎದ್ದು ಕಾಣುವುದು ಪಾಲಿಮರ್ ಗೂಡು ಅಲ್ಲ, ಔಷಧವನ್ನೇ ನುಣ್ಣಗೆ ಅರೆದ ನ್ಯಾನೊಹರಳು. 2000ದಲ್ಲಿ ಬಂದ ಸಿರೋಲಿಮಸ್ ಮಾತ್ರೆ, 2003ರ ಅಪ್ರೆಪಿಟಂಟ್ ಕ್ಯಾಪ್ಸೂಲ್ ಎರಡೂ ಹಾಗೇ. ಅಪ್ರೆಪಿಟಂಟ್‌ನಲ್ಲಿ ಊಟದ ಜೊತೆ, ಖಾಲಿ ಹೊಟ್ಟೆ ಅನ್ನುವ ವ್ಯತ್ಯಾಸ ಬಹಳ ಕಡಿಮೆಯಾಯಿತು. ಸಸ್ಯಮೂಲದ ಪ್ಯಾಕ್ಲಿಟ್ಯಾಕ್ಸಲ್‌ನ 2005ರ ಆಲ್ಬುಮಿನ್ ಕಣವನ್ನು ಎಲ್ಲರೂ ಉದಾಹರಣೆ ಕೊಡುತ್ತಾರೆ. ಆದರೆ ಅದು ರಕ್ತನಾಳಕ್ಕೆ ಹಾಕುವುದು, ಕರುಳಿನ ತೊಂದರೆಯೇ ಅದಕ್ಕಿಲ್ಲ. ನಿಮ್ಮ ಪರಿಚಯ ಅಧ್ಯಾಯದಲ್ಲಿ ಈ ಎರಡನ್ನೂ ಬೆರೆಸಬೇಡಿ.

ಕರ್ಕ್ಯುಮಿನ್ ನ್ಯಾನೊಹರಳಿನಲ್ಲಿ ಲೋಡಿಂಗ್ ತೊಂದರೆ ತಪ್ಪುತ್ತದೆ, ಕಣದ ಬಹುಭಾಗ ಔಷಧವೇ. ಆದರೆ ಇಟ್ಟಲ್ಲೇ ಚಿಕ್ಕ ಹರಳು ಕರಗಿ ದೊಡ್ಡದಕ್ಕೆ ಸೇರುತ್ತಾ ಹೋಗುತ್ತದೆ. ಅದಕ್ಕೆ ಬೇಗ ಒಣಗಿಸಿಡಬೇಕು. ಪಿಎಲ್‌ಜಿಎಯಲ್ಲಿ ಇಷ್ಟು ದೂರ ಬಂದಿದ್ದೀರಿ, ಬಿಡಬೇಡಿ. ನ್ಯಾನೊಹರಳನ್ನು ಹೋಲಿಕೆಯ ಗುಂಪಾಗಿ ಇಡಿ.

ಗುಂಪುಗಳು ನನ್ನ ಪ್ರಕಾರ ಹೀಗಿರಲಿ: ಸಾದಾ ಪುಡಿಯ ಸಸ್ಪೆನ್ಷನ್, ಖಾಲಿ ಪಿಎಲ್‌ಜಿಎ ಕಣಕ್ಕೆ ಹೊರಗಿನಿಂದ ಕರ್ಕ್ಯುಮಿನ್ ಬೆರೆಸಿದ್ದು, ನ್ಯಾನೊಹರಳು, ನಿಮ್ಮ ಕಣ. ಎರಡನೆಯದನ್ನು ಬಿಡಲೇಬೇಡಿ. ಒಳಗೆ ತುಂಬಿದ್ದರಿಂದ ಲಾಭ ಆಯಿತೋ, ಸುಮ್ನೆ ಪಿವಿಎ ಮತ್ತು ಪಾಲಿಮರ್ ಜೊತೆಯಲ್ಲಿದ್ದದ್ದಕ್ಕೋ ಅಂತ ಅದು ಒಂದೇ ಹೇಳುತ್ತದೆ. ಎಲ್ಲರಿಗೂ ಒಂದೇ ಡೋಸ್, ಅದನ್ನು ನಿಮ್ಮ ಕಣದ ಲೋಡಿಂಗ್ ನೋಡಿ ನಿರ್ಧರಿಸಿ. ಅನುಮತಿ ಸಿಕ್ಕರೆ ರಕ್ತನಾಳಕ್ಕೆ ಕೊಡುವ ಒಂದು ಸಣ್ಣ ಗುಂಪು, ಅದಿಲ್ಲದೆ ಒಟ್ಟು ಲಭ್ಯತೆ ಶೇಕಡಾ ಎಷ್ಟು ಅಂತ ಹೇಳಲಾಗುವುದಿಲ್ಲ. ಪೈಪರಿನ್ ಗುಂಪು ನಿಮ್ಮ ಪ್ರಶ್ನೆಗೆ ಬೇಕಾಗಿಲ್ಲ. ಅಷ್ಟು ಇಲಿಗಳು ಉಳಿಯುತ್ತವೆ.

---

ಪ್ಲಾಸ್ಮಾ_ಪೀಕ್ ಬರೆದದ್ದು:

ಸ್ಯಾಂಪಲ್ ಬಗ್ಗೆ. ಮೊದಲ ಒಂದು ಗಂಟೆಯಲ್ಲಿ ಹತ್ತಿರ ಹತ್ತಿರ ತೆಗೆಯಿರಿ, 5, 15, 30, 60 ನಿಮಿಷಕ್ಕೆ. ಆಮೇಲೆ 2, 4, 8, 24 ಗಂಟೆ. ಬಿಡಿ ಕರ್ಕ್ಯುಮಿನ್‌ನ ಶಿಖರ ಬೇಗ ಬಂದು ಹೋಗಿಬಿಡಬಹುದು. ಮೊದಲ ಸ್ಯಾಂಪಲ್ಲೇ ಒಂದು ಗಂಟೆಗೆ ಅಂದರೆ ಅದು ತಪ್ಪಿಹೋಗುತ್ತದೆ. ಒಂದೇ ಇಲಿಯಿಂದ ಇಷ್ಟು ರಕ್ತ ತೆಗೆಯುವಂತಿಲ್ಲ. ಸಮಯಗಳನ್ನು ಇಲಿಗಳ ನಡುವೆ ಹಂಚಿ.

ಟ್ಯೂಬುಗಳು ಐಸಿನಲ್ಲಿರಲಿ, ಫಾಯಿಲ್ ಸುತ್ತಿರಲಿ. ಪ್ಲಾಸ್ಮಾ ಬೇರ್ಪಡಿಸಿದ ತಕ್ಷಣ ಎರಡು ಪಾಲು ಮಾಡಿ. ಬಿಡಿ ಕರ್ಕ್ಯುಮಿನ್‌ಗೆ ಇಟ್ಟ ಪಾಲಿಗೆ ಸ್ವಲ್ಪ ಆಮ್ಲ ಸೇರಿಸಿ ಪಿಎಚ್ ಇಳಿಸಿ, ಆಮ್ಲದಲ್ಲಿ ಅದು ಬಹಳ ಹೆಚ್ಚು ಹೊತ್ತು ಉಳಿಯುತ್ತದೆ. ಕಿಣ್ವ ಹಾಕುವ ಪಾಲನ್ನು ಆ ಕಿಣ್ವಕ್ಕೆ ಬೇಕಾದ ಪಿಎಚ್‌ನಲ್ಲಿಡಿ, ಕಿಣ್ವದ ಹೊತ್ತನ್ನೂ ಮೊದಲೇ ಪರೀಕ್ಷಿಸಿ. ಕಡಿಮೆಯಾದರೆ ಪೂರ್ತಿ ಕತ್ತರಿಸುವುದಿಲ್ಲ, ಜಾಸ್ತಿಯಾದರೆ ಬಿಡುಗಡೆಯಾದ ಕರ್ಕ್ಯುಮಿನ್ ಅಲ್ಲೇ ಒಡೆಯುತ್ತದೆ. ಎರಡಕ್ಕೂ ಡ್ಯುಟೀರಿಯಂ ಹಾಕಿದ ಕರ್ಕ್ಯುಮಿನ್ ಅನ್ನು ಇಂಟರ್ನಲ್ ಸ್ಟ್ಯಾಂಡರ್ಡ್ ಆಗಿ ಎಕ್ಸ್‌ಟ್ರಾಕ್ಷನ್‌ಗೆ ಮುಂಚೆಯೇ ಸೇರಿಸಿ, ಎಥೈಲ್ ಅಸಿಟೇಟ್‌ನಲ್ಲಿ ತೆಗೆಯಿರಿ.

ಇದನ್ನೆಲ್ಲ ಮೊದಲು ಖಾಲಿ ಪ್ಲಾಸ್ಮಾಕ್ಕೆ ಗೊತ್ತಿರುವಷ್ಟು ಕರ್ಕ್ಯುಮಿನ್ ಹಾಕಿ ಮಾಡಿ ನೋಡಿ. ಹಾಕಿದ್ದು ವಾಪಸ್ ಸಿಕ್ಕಿತು ಅಂದಮೇಲೆ ಇಲಿಗಳ ದಿನ ಗೊತ್ತುಮಾಡಿ.